ಹತ್ತು ವರ್ಷದ ವೀಸಾ ಇದೆಯಲ್ಲ, ಎಷ್ಟು ದಿನ ಇರ್ಬೋದು?

ಮದುವೆ ಮನೆಯ ಪಂಕ್ತಿಯಲ್ಲಿ, ಹಾಸನಾಂಬೆ ದರ್ಶನದ ಸಾಲಿನಲ್ಲಿ, ಚಿಕ್ಕಮಗಳೂರು ಬಸ್ಸಿನಲ್ಲಿ, ಎಲ್ಲೇ ಸಿಕ್ಕರೂ ಇದೇ ಪ್ರಶ್ನೆ. "ಅಪ್ಪ ಅಮ್ಮಂಗೆ ಅಮೆರಿಕದ ಹತ್ತು ವರ್ಷದ ವೀಸಾ ಆಯ್ತು ಕಣ್ರೀ. ಎಷ್ಟು ದಿನ ಇರ್ಬೋದು?" ಬಾಯಿ ತೆಗೆಯುವಷ್ಟರಲ್ಲಿ ಉತ್ತರವನ್ನೂ ಅವರೇ ಕೊಡುತ್ತಾರೆ: "ಆರು ತಿಂಗಳು ಅಲ್ವಾ? ಆಮೇಲೆ ಕೆನಡಾಕ್ಕೆ ಒಂದಿನ ಹೋಗಿ ಬಂದ್ರೆ ಮತ್ತೆ ಆರು ತಿಂಗಳು." ಗೊತ್ತಿದ್ದ ಮೇಲೆ ಕೇಳುವುದೇಕೆ? ಅದೂ ತಪ್ಪಾಗಿ ಗೊತ್ತಿರುವಾಗ?

ಇನ್ನು ಮೇಲೆ ಬಾಯಲ್ಲಿ ಹೇಳುವುದಿಲ್ಲ. ಇದನ್ನೇ ಕಳಿಸುತ್ತೇನೆ.

ಹತ್ತು ವರ್ಷ ಅನ್ನುವುದು ಬಾಗಿಲು ತಟ್ಟಲು ಇರುವ ಅವಧಿ. ವೀಸಾದ ಕೊನೆಯ ದಿನ ಇಳಿದರೂ ಒಳಗೆ ಬಿಡಬಹುದು, ಮೊದಲ ದಿನ ಇಳಿದರೂ ವಾಪಸ್ ಕಳಿಸಬಹುದು. ಒಳಗೆ ಎಷ್ಟು ದಿನ ಎನ್ನುವುದನ್ನು ವಿಮಾನ ನಿಲ್ದಾಣದ ಅಧಿಕಾರಿ ತೀರ್ಮಾನಿಸಿ ಐ-94 ಎಂಬ ದಾಖಲೆಯಲ್ಲಿ ಬರೆಯುತ್ತಾನೆ. ಬಿ-2, ಅಂದರೆ ಪ್ರವಾಸಿ ವೀಸಾಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಮೇ 10ಕ್ಕೆ ಇಳಿದರೆ ನವೆಂಬರ್ 9. ಎಣಿಸಿ ನೋಡಿ, 184 ದಿನ. "180 ದಿನ" ಎಂದು ಬೆರಳು ಮಡಚುವವರು ಅದನ್ನು ಬಿಟ್ಟು ತಾರೀಖನ್ನೇ ನೋಡಲಿ. ಪಾಸ್‌ಪೋರ್ಟ್ ಆಗಸ್ಟಿಗೇ ಮುಗಿಯುವಂತಿದ್ದರೆ ತಾರೀಖೂ ಆಗಸ್ಟಿಗೇ ನಿಲ್ಲಬಹುದು. ಅದಕ್ಕೇ ಟಿಕೆಟ್ಟಿಗೆ ಮೊದಲು ಪಾಸ್‌ಪೋರ್ಟ್ ನವೀಕರಿಸಿ. ಹಳೆಯದರಲ್ಲಿರುವ ವೀಸಾ ಹಾಳಾಗುವುದಿಲ್ಲ, ಎರಡನ್ನೂ ಜೊತೆಗೆ ಒಯ್ದರಾಯಿತು.

ಈಗ ಎಷ್ಟೋ ಕಡೆ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದೇ ಇಲ್ಲ. ತಾರೀಖು ಸಿಗುವುದು ಅಮೆರಿಕದ ಗಡಿ ಇಲಾಖೆಯ ಐ-94 ಜಾಲತಾಣದಲ್ಲಿ. ಅಪ್ಪ ಅಮ್ಮ ಇಳಿದ ಎರಡು ದಿನದೊಳಗೆ ಮಗನೋ ಮಗಳೋ ಅದನ್ನು ತೆಗೆದು ನೋಡಬೇಕು. ನಮ್ಮ ಕಡೆಯವರಿಗೆ ಇಲ್ಲೊಂದು ತೊಡಕಿದೆ. ಹಳಬರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಂಥವರಿಗೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (FNU, ಮೊದಲ ಹೆಸರು ಗೊತ್ತಿಲ್ಲ ಎಂದರ್ಥ) ಎಂದು ಬಿದ್ದಿರುತ್ತದೆ. ಹುಡುಕುವಾಗಲೂ ಹಾಗೇ ಹಾಕಿ ನೋಡಿ, "ದಾಖಲೆ ಇಲ್ಲ" ಎಂದ ಕೂಡಲೇ ಗಾಬರಿಯಾಗಬೇಡಿ. ಬಿ-2 ಬದಲು ಬಿ-1 (ವ್ಯವಹಾರದ ಭೇಟಿ) ಎಂದಿದ್ದರೆ, ಹೆಸರೋ ತಾರೀಖೋ ತಪ್ಪಿದ್ದರೆ, ತಿದ್ದಿಸಲು ಗಡಿ ಇಲಾಖೆಯದೇ ಡಿಫರ್ಡ್ ಇನ್‌ಸ್ಪೆಕ್ಷನ್ ಕಚೇರಿಗಳಿವೆ. ಹೊರಡುವ ವಾರದಲ್ಲಿ ಅದನ್ನು ಕಂಡುಹಿಡಿಯುವುದು ಬೇಡ.

ಇನ್ನು ಆ ಕೆನಡಾ. ಕೆನಡಾಕ್ಕೋ ಮೆಕ್ಸಿಕೋಗೋ ಮೂವತ್ತು ದಿನದೊಳಗೆ ಹೋಗಿ ಬಂದವರನ್ನು ಹಳೆಯ ಐ-94 ಮೇಲೇ ಒಳಗೆ ಬಿಡಲು ನಿಯಮವಿದೆ. ಹೊಸ ಆರು ತಿಂಗಳು ನಿಮ್ಮ ಹಕ್ಕಲ್ಲ. ಕೆನಡಾಕ್ಕೂ ಬೇರೆ ವೀಸಾ ಬೇಕೆಂಬುದು ಈ ಉಪಾಯ ಹೇಳುವ ಯಾರಿಗೂ ಹೊಳೆಯುವುದಿಲ್ಲ. ಭಾರತಕ್ಕೇ ಬಂದು ಮತ್ತೆ ಹೋಗುವಾಗ ನಡುವೆ ಎಷ್ಟು ಅಂತರ ಇರಬೇಕು ಎಂದು ಕಾನೂನಿನಲ್ಲಿ ಅಂಕಿ ಇಲ್ಲ. ಆದರೆ ಆರು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ, ಮತ್ತೆ ಆರು ತಿಂಗಳು ಅಲ್ಲಿ ಎಂದರೆ ಅಧಿಕಾರಿ "ನೀವು ಇರುವುದೆಲ್ಲಿ?" ಎಂದು ಕೇಳಿಯೇ ಕೇಳುತ್ತಾನೆ.

ವಿಸ್ತರಣೆಗೆ ದಾರಿಯಿದೆ, ಐ-539 ಅರ್ಜಿ. 2024ರ ಏಪ್ರಿಲ್‌ನಲ್ಲಿ ಶುಲ್ಕ ಪರಿಷ್ಕರಿಸಿದಾಗ ಆನ್‌ಲೈನಿಗೆ 420 ಡಾಲರ್, ಕಾಗದದಲ್ಲಾದರೆ 470 ಮಾಡಿದರು. ಅವಧಿ ಮುಗಿಯಲು ಕನಿಷ್ಠ 45 ದಿನ ಇರುವಾಗಲೇ ಹಾಕಿ ಎನ್ನುತ್ತದೆ ಅಲ್ಲಿನ ವಲಸೆ ಇಲಾಖೆ. ಕಾರಣವನ್ನೂ, ಖರ್ಚಿಗೆ ದುಡ್ಡಿರುವುದನ್ನೂ, ವಾಪಸ್ ಹೋಗುವುದನ್ನೂ ಕಾಗದದಲ್ಲಿ ತೋರಿಸಬೇಕು. ಉತ್ತರಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಇಲ್ಲ ಎಂದರೆ ತಕ್ಷಣ ಪೆಟ್ಟಿಗೆ ಕಟ್ಟಬೇಕು. ಅರ್ಜಿಯೇ ಹಾಕದೆ ಒಂದು ದಿನ ಹೆಚ್ಚು ಉಳಿದರೂ ಆ ಹತ್ತು ವರ್ಷದ ವೀಸಾ ರದ್ದಾದಂತೆಯೇ. 180 ದಿನ ಮೀರಿ ಉಳಿದು ಹೊರಟವರಿಗೆ ಮೂರು ವರ್ಷ ಪ್ರವೇಶವಿಲ್ಲ, ಒಂದು ವರ್ಷ ದಾಟಿದರೆ ಹತ್ತು ವರ್ಷ. ಎಲ್ಲರೂ ನೆನಪಿಟ್ಟುಕೊಂಡಿರುವ ಆ 180 ಇಲ್ಲಿಯದು, ಇರಲು ಬಿಡುವ ಅವಧಿಯದಲ್ಲ.

ಬೇರೆ ದೇಶಕ್ಕೆ ಹೋಗುವವರು ಇದನ್ನೇ ಅನ್ವಯಿಸಿಕೊಳ್ಳಬೇಡಿ. ಬ್ರಿಟನ್ನಿನ ಸಂದರ್ಶಕ ವೀಸಾ ಹತ್ತು ವರ್ಷದ್ದಾದರೂ ಸಾಮಾನ್ಯವಾಗಿ ಪ್ರತಿ ಭೇಟಿಗೆ ಆರು ತಿಂಗಳು. ಯುರೋಪಿನ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಯಾವುದೇ 180 ದಿನದಲ್ಲಿ 90 ದಿನ. ಅಲ್ಲಿರುವ ಮಕ್ಕಳು ಮೊಮ್ಮಕ್ಕಳನ್ನು ನೋಡಹೋಗುವ ಅಪ್ಪ ಅಮ್ಮ, ಅಜ್ಜ ಅಜ್ಜಿಯರಿಗೆ ಕೊಡುವ ಕೆನಡಾದ ಸೂಪರ್ ವೀಸಾ ಇದ್ದರೆ 2022ರ ಜುಲೈನಿಂದ ಒಂದೇ ಸಲಕ್ಕೆ ಐದು ವರ್ಷದ ತನಕ.

ಇಷ್ಟೆಲ್ಲ ಕೇಳುವವರು "ಯಾವ ತಿಂಗಳು ಹೊರಡಬೇಕು?" ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಖುಷಿಯಾಗಿ ಹೇಳಬಹುದು. ಕಾಫಿ ತೋಟದವರು ಹೂಮಳೆ ಮುಗಿಸಿಕೊಂಡು ಮೇ ಮೊದಲಲ್ಲಿ ಹೊರಟರೆ ಅರೇಬಿಕಾ ಕೊಯ್ಲಿನ ಹೊತ್ತಿಗೆ ಮನೆಯಲ್ಲಿರುತ್ತಾರೆ. ಮುಂಗಾರಿಗೆ ಮುಂಚಿನ ಬೋರ್ಡೋ (ಶಿಲೀಂಧ್ರ ರೋಗ ತಡೆಯುವ ದ್ರಾವಣ) ಸಿಂಪಡಣೆಗೆ ಮಾತ್ರ ನಂಬುವ ಆಳು ಬೇಕು. ಹಾಸನದ ಆಲೂಗಡ್ಡೆಯವರಿಗೆ ಈ ಲೆಕ್ಕ ತಲೆಕೆಳಗು: ಮೇ-ಜೂನ್ ಬಿತ್ತನೆ, ಆಗಸ್ಟ್-ಸೆಪ್ಟೆಂಬರ್ ಕೀಳುವುದು. ಅವರು ಅಕ್ಟೋಬರಿನಲ್ಲಿ ಹೊರಟರೆ ನ್ಯೂಜೆರ್ಸಿಯ ಜನವರಿಯಲ್ಲಿ ಕಿಟಕಿ ನೋಡುತ್ತಾ ಕೂರಬೇಕು. ಅಂಥವರಿಗೆ ಮೂರು ತಿಂಗಳೇ ಹೆಚ್ಚು. ಪಿಂಚಣಿ ಬರುವವರಿಗೆ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಇದೆ, ಆಗ ಅಲ್ಲಿದ್ದರೆ ಏನು ಮಾಡಬೇಕೆಂದು ಬ್ಯಾಂಕಿನಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಮಾತ್ರೆಯ ಲೆಕ್ಕವೂ ತಾರೀಖಿನ ಜೊತೆಗೇ ಹೋಗುತ್ತದೆ. ಅಲ್ಲಿನ ಔಷಧ ಇಲಾಖೆ ಸಾಮಾನ್ಯವಾಗಿ ಒಪ್ಪುವುದು ಮೂರು ತಿಂಗಳಿಗಾಗುವಷ್ಟು. ಮಾತ್ರೆ ಸ್ಟ್ರಿಪ್ಪಿನಲ್ಲೇ ಇರಲಿ, ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಡಾಕ್ಟರ ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಮದ್ದಿನ ಮೂಲ ಹೆಸರನ್ನೂ ಬರೆಸಿ. ಸಂದರ್ಶಕರ ವಿಮೆಗಳಲ್ಲಿ ಹೆಚ್ಚಿನವು ಮೊದಲೇ ಇರುವ ಬಿಪಿ, ಶುಗರ್‌ನ ಮಾಮೂಲಿ ಚಿಕಿತ್ಸೆಗೆ ದುಡ್ಡು ಕೊಡುವುದಿಲ್ಲ. ವಾಪಸ್ ಟಿಕೆಟ್ ಐ-94 ತಾರೀಖಿಗೆ ಒಂದು ವಾರ ಮೊದಲೇ ಇರಲಿ. ವಿಮಾನ ರದ್ದಾಗುವುದು, ಜ್ವರ ಬರುವುದು, ಎರಡೂ ಕೊನೆಯ ದಿನಕ್ಕೇ ಕಾದು ಕೂತಿರುತ್ತವೆ.