ಹೊಲಿಗೆ ಕ್ಲಾಸು, ಐದನೇ ತಿಂಗಳು: ದರ ಹೇಳಲು ಬಾಯೇ ಬರುವುದಿಲ್ಲ

ಹೋದ ಸಲ ಬರೆದಾಗ ನಾನು ಕಲಿಸುವ ಹೊಲಿಗೆ ಕ್ಲಾಸಿನಲ್ಲಿ ಎಂಟು ಜನ ಇದ್ದರು, ಈಗ ಆರು. ಒಬ್ಬರಿಗೆ ಬೇರೆ ಕೆಲಸ ಸಿಕ್ಕಿತು. ಇನ್ನೊಬ್ಬರು ಯಾಕೆ ಬರುತ್ತಿಲ್ಲ ಅಂತ ಎರಡು ಸಲ ಫೋನ್ ಮಾಡಿದ ಮೇಲೆ ಗೊತ್ತಾಯಿತು, ಮಗು ಶಾಲೆಯಿಂದ ಬರುವ ಹೊತ್ತಿಗೇ ನಮ್ಮ ಕ್ಲಾಸು ಶುರುವಾಗುತ್ತಿತ್ತು. ಮೊದಲ ವಾರವೇ ಕೇಳಬೇಕಿತ್ತು, ನನಗೆ ಹೊಳೆಯಲೇ ಇಲ್ಲ. ಈಗ ಬೆಳಿಗ್ಗೆಗೆ ಬದಲಾಯಿಸಿದ್ದೇನೆ.

ಹೊಲಿಗೆ ಮಟ್ಟಿಗೆ ಚಿಂತೆಯಿಲ್ಲ. ಈ ತಿಂಗಳು ಜಾಸ್ತಿ ಕಾಡಿದ್ದು ಬಟ್ಟೆಯ ಅಡಿಯಲ್ಲಿ ದಾರ ಗಂಟಾಗುವುದು. ಅಡಿಯಲ್ಲಿ ಗಂಟು ಕಂಡರೆ ಎಲ್ಲರೂ ಬಾಬಿನ್ ಕೇಸಿನ (ಅಡಿ ದಾರ ಕೂರುವ ಡಬ್ಬಿಯ) ಸ್ಕ್ರೂ ತಿರುಗಿಸಲು ಹೋಗುತ್ತಾರೆ, ಆದರೆ ತಪ್ಪು ಹೆಚ್ಚಾಗಿ ಮೇಲಿನ ದಾರದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫುಟ್ ಕೆಳಗಿದ್ದಾಗ ದಾರ ಪೋಣಿಸಿದರೆ ಅದು ದಾರವನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಕೂರುವುದಿಲ್ಲ. ಫುಟ್ ಎತ್ತಿ ಮತ್ತೆ ಪೋಣಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಈಗ ಅವರೇ ಒಬ್ಬರಿಗೊಬ್ಬರು "ಫುಟ್ ಎತ್ತಿದ್ಯಾ?" ಅಂತ ಕೇಳಿಕೊಳ್ಳುತ್ತಾರೆ, ನನ್ನನ್ನು ಕರೆಯುವುದಿಲ್ಲ. ಅರ್ಧ ಖುಷಿ, ಅರ್ಧ ಬೇಜಾರು.

ಕಷ್ಟ ಇರುವುದು ದುಡ್ಡಿನ ಮಾತಿನಲ್ಲಿ. ಒಬ್ಬರು ಜಿಪ್ ಬದಲಾಯಿಸುವ ಕೆಲಸ ಹಿಡಿದರು, ಹೊಲಿಗೆ ನೀಟಾಗಿತ್ತು, ಎಷ್ಟಾಯಿತು ಅಂತ ಗಿರಾಕಿ ಕೇಳಿದಾಗ ಮಾತ್ರ "ಏನಾದ್ರೂ ಕೊಡಿ" ಅಂದುಬಿಟ್ಟರು. ಗಿರಾಕಿಯೂ ಹಾಗೇ ಏನೋ ಒಂದಿಷ್ಟು ಕೊಟ್ಟು ಹೋದರು.

ಆಮೇಲೆ ಆರೂ ಜನರಿಗೆ ಒಂದೊಂದು ನೋಟ್‌ಬುಕ್ ಕೊಟ್ಟೆ. ಕೆಲಸ ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ದಾರ, ಜಿಪ್, ಓಡಾಟ, ಎಲ್ಲ ಬರೆಯಬೇಕು. ಜಿಪ್ ಹಾಕಲು 20 ನಿಮಿಷ ಸಾಕು ಅನ್ನುತ್ತಿದ್ದವರ ಪುಸ್ತಕದಲ್ಲಿ ಬಂದದ್ದು 55. ಹಳೆ ಹೊಲಿಗೆ ಬಿಚ್ಚುವುದಕ್ಕೇ 15, ಬಣ್ಣಕ್ಕೆ ಹೊಂದುವ ಜಿಪ್ ಹುಡುಕಿ ತರಲು ಇನ್ನೊಂದಿಷ್ಟು. ಅವರು ಆ ಪುಟ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ನಾನು ಎರಡು ತಿಂಗಳು ಬಾಯಲ್ಲಿ ಹೇಳಿದ್ದು ಆಗ ತಲೆಗೆ ಹೋಯಿತು ಅನ್ನಿಸುತ್ತದೆ.

ಈಗ ಪ್ರತಿ ಬುಧವಾರ ಅರ್ಧ ಗಂಟೆ ನಾಟಕ ನಡೆಯುತ್ತದೆ. ನಾನು ಚೌಕಾಸಿ ಮಾಡುವ ಗಿರಾಕಿ, ಅವರು ದರ ಹೇಳಿ ಬಾಯಿ ಮುಚ್ಚಿಕೊಂಡಿರಬೇಕು. ಸುಲಭ ಅನ್ನಿಸುತ್ತೆ ಅಲ್ವಾ? ದರ ಹೇಳಿದ ಮರುಕ್ಷಣ "ಜಾಸ್ತಿ ಆಯ್ತಾ?" ಅಂತ ತಾವೇ ಕೇಳಿಬಿಡುತ್ತಾರೆ. ಒಬ್ಬರಂತೂ ನಗು ತಡೆಯಲಾಗದೆ ಮೂರು ಸಲ ಎದ್ದು ಹೋದರು, ನಾಲ್ಕನೇ ಸಲ ಟೇಪು ಸುತ್ತುತ್ತಾ ತಲೆಯೆತ್ತದೆ ದರ ಹೇಳಿದರು. ಕೈಗೆ ಏನಾದರೂ ಕೆಲಸ ಇದ್ದರೆ ಸುಮ್ಮನಿರುವುದು ಸುಲಭ ಅಂತ ನನಗೂ ಅವತ್ತೇ ಗೊತ್ತಾದದ್ದು.

ನನ್ನ ಕಡೆಯಿಂದ ಆದ ಎಡವಟ್ಟು: ಕಾಟನ್ ಪರದೆಗಳ ಮೊದಲ ಆರ್ಡರ್‌ನಲ್ಲಿ, ಕತ್ತರಿಸುವ ಮೊದಲು ಬಟ್ಟೆ ನೆನೆಸಿ ಒಣಗಿಸಿ ಅಂತ ಹೇಳಲು ಮರೆತೆ. ಒಂದೇ ಒಗೆತಕ್ಕೆ ಕುಗ್ಗಿ ಗಿಡ್ಡವಾದವು. "ಅಕ್ಕ, ನೀವೇ ಮಾತಾಡಿ" ಅಂತ ಹೊಲಿದವರು ಫೋನ್ ನನ್ನ ಕೈಗೆ ಕೊಟ್ಟರು. ತಪ್ಪು ನನ್ನದು, ಹೊಸ ಬಟ್ಟೆಯ ಖರ್ಚು ನಾನೇ ಹಾಕಿದೆ, ಆದರೆ ಫೋನ್ ತಿರುಗಿ ಕೊಟ್ಟು ಪಕ್ಕದಲ್ಲಿ ಕೂತೆ. ಅವರೇ ಗಿರಾಕಿ ಜೊತೆ ಮಾತಾಡಿದರು, ನಾಲ್ಕು ದಿನದ ಸಮಯವನ್ನೂ ಕೇಳಿಕೊಂಡರು. ಹೊಸ ಪರದೆಗಳು ನಿನ್ನೆ ಗಿರಾಕಿಗೆ ಹೋದವು.