ಸ್ಕಾಟ್ಲೆಂಡ್ ಇತಿಹಾಸಕ್ಕೆ ನ್ಯೂಜಿಲೆಂಡ್ ಪೇಪರ್ ಯಾಕೆ?

"ಸರ್, ನಿಮಗೆ ಬೇಕಿರೋದು ಸ್ಕಾಟ್ಲೆಂಡಿನ ಇತಿಹಾಸ. ಓದೋದು ನ್ಯೂಜಿಲೆಂಡಿನ ಹಳೇ ಪೇಪರು. ಯಾಕೆ?" ಪರಿಚಯದವರೆಲ್ಲ ಒಂದಲ್ಲ ಒಂದು ಸಲ ಇದನ್ನು ಕೇಳಿದ್ದಾರೆ. ಬಾಯಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಇದು ಶುರುವಾದದ್ದು ನಮ್ಮ ಕಡೆಯಿಂದಲೇ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಗೊತ್ತಲ್ವಾ? ಶಾಸನ, ಊರೂರಿನ ಕೈಫಿಯತ್ತು (ಊರಿನ ಚರಿತ್ರೆಯ ಬರಹ) ಕೂಡಿಸಿಟ್ಟವರು. ಅವರು ಹುಟ್ಟಿದ್ದು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇಯಲ್ಲಿ. ನಮ್ಮ ಊರುಗಳ ಕಥೆ ಬರೆಸಿಟ್ಟವರ ಊರಿನ ಕಥೆ ಏನು ಅಂತ ಹುಡುಕಲು ಹೊರಟೆ. ನ್ಯೂಜಿಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಹಳೇ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ 'ಪೇಪರ್ಸ್ ಪಾಸ್ಟ್' ಅನ್ನೋ ತಾಣದಲ್ಲಿ ಪುಕ್ಕಟೆಯಾಗಿ ಇಟ್ಟಿದೆ. ಅಲ್ಲಿ ಮೆಕೆಂಜಿ ಅಂತ ಹುಡುಕಿದರೆ ಬೇರೆಯೇ ಮೆಕೆಂಜಿ ಸಿಕ್ಕರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನ್ಯೂಜಿಲೆಂಡಿನ ದಕ್ಷಿಣದಲ್ಲಿ ಡನೀಡನ್ ಅನ್ನೋ ಊರಿದೆ. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರಾಕ್ಕೆ ಅಲ್ಲಿಯ ಹಳೇ ಭಾಷೆ ಗೇಲಿಕ್‌ನಲ್ಲಿರುವ ಹೆಸರಿನಿಂದ ಬಂದ ಹೆಸರು ಅದು. 1848ರಲ್ಲಿ ಎರಡು ಹಡಗುಗಳಲ್ಲಿ, ಸುಮಾರು ನಾಲ್ಕು ತಿಂಗಳ ಪ್ರಯಾಣ ಮಾಡಿ ಬಂದ ಸ್ಕಾಟ್ಲೆಂಡಿನವರು ಕಟ್ಟಿದ ಊರು. ಪ್ರಿನ್ಸಸ್ ಸ್ಟ್ರೀಟ್, ಜಾರ್ಜ್ ಸ್ಟ್ರೀಟ್ ಅಂತ ಎಡಿನ್‌ಬರಾದ ಬೀದಿಯ ಹೆಸರುಗಳನ್ನೂ ಜೊತೆಯಲ್ಲೇ ತಂದರು. ಅವರ ಪಾದ್ರಿ ಥಾಮಸ್ ಬರ್ನ್ಸ್, ಕವಿ ರಾಬರ್ಟ್ ಬರ್ನ್ಸ್ ಅವರ ತಮ್ಮನ ಮಗ. ಆ ಸೀಮೆಯ ಹೆಸರು ಒಟಾಗೊ. 1851ರಲ್ಲಿ 'ಒಟಾಗೊ ವಿಟ್ನೆಸ್' ವಾರಪತ್ರಿಕೆ ಶುರುವಾಯಿತು. 1861ರಲ್ಲಿ 'ಒಟಾಗೊ ಡೈಲಿ ಟೈಮ್ಸ್' ಬಂತು. ಅದು ಇವತ್ತಿಗೂ ನಡೆಯುತ್ತಿದೆ.

ಊರಲ್ಲೇ ಇರುವವರಿಗೆ ಪಕ್ಕದ ಹಳ್ಳಿಯ ಸುದ್ದಿ ಸಂತೆಯಲ್ಲೇ ಸಿಗುತ್ತದೆ. ಊರು ಬಿಟ್ಟವರಿಗೆ ಅದು ಅಚ್ಚಾಗಿಯೇ ಬರಬೇಕು. ಹಾಗಾಗಿ ಈ ಪತ್ರಿಕೆಗಳಲ್ಲಿ ಸಣ್ಣಪುಟ್ಟದ್ದಕ್ಕೂ ಜಾಗ. ಯಾರಾದರೂ ತೀರಿಕೊಂಡರೆ ಯಾವ ಹಳ್ಳಿಯಲ್ಲಿ ಹುಟ್ಟಿದರು, ಯಾವ ಹಡಗಿನಲ್ಲಿ ಬಂದರು, ಯಾವ ವರ್ಷ, ಎಲ್ಲ ಇರುತ್ತದೆ. ಸಾವಿನ ಪ್ರಕಟಣೆಗಳ ಕೆಳಗೆ ಎಷ್ಟೋ ಸಲ ಇನ್ನೊಂದು ಸಾಲು: 'ಹೋಮ್ ಪೇಪರ್ಸ್ ಪ್ಲೀಸ್ ಕಾಪಿ'. ಊರಿನ ಪತ್ರಿಕೆಗಳು ದಯವಿಟ್ಟು ಇದನ್ನು ಹಾಕಿಕೊಳ್ಳಿ ಅಂತ. ಮಗ ಸತ್ತ ಸುದ್ದಿ ಅಲ್ಲಿ ಬದುಕಿರುವ ತಾಯಿಗೆ ಮುಟ್ಟಲಿ ಅಂತ. ಮೊದಲ ಸಲ ಓದಿದಾಗ ಆ ಪುಟದಿಂದ ಮುಂದೆ ಹೋಗಲು ಆಗಲಿಲ್ಲ.

ಇನ್ನು ಆ ಮೆಕೆಂಜಿ. ಜಾನ್ ಮೆಕೆಂಜಿ, 1839ರಲ್ಲಿ ಸ್ಕಾಟ್ಲೆಂಡಿನ ರಾಸ್‌ಶೈರಿನಲ್ಲಿ ಹುಟ್ಟಿದವರು. ಅದೇ ಸೀಮೆಯ ಗ್ಲೆನ್‌ಕ್ಯಾಲ್ವಿ ಕಣಿವೆಯ ಬಡ ರೈತರನ್ನು 1845ರಲ್ಲಿ ಒಕ್ಕಲೆಬ್ಬಿಸಿದರು. ಕುರಿ ಸಾಕಿದರೆ ಜಮೀನ್ದಾರರಿಗೆ ಜಾಸ್ತಿ ದುಡ್ಡು ಬರುವ ಕಾಲ ಅದು. ಹೋಗಲು ಜಾಗವಿಲ್ಲದೆ ಆ ಜನ ಕ್ರೋಯಿಕ್ ಚರ್ಚಿನ ಅಂಗಳದಲ್ಲಿ ತಂಗಿದರು. ಕಿಟಕಿಯ ಗಾಜಿನ ಮೇಲೆ ಗೀಚಿ ಹೋದರು. ಆ ಅಕ್ಷರಗಳು ಇನ್ನೂ ಇವೆ. ಇಂಥ ನೋವಿನ ನಡುವೆ ಬೆಳೆದ ಹುಡುಗ 1860ರಲ್ಲಿ ಒಟಾಗೊಗೆ ಬಂದು, 1891ರಲ್ಲಿ ನ್ಯೂಜಿಲೆಂಡಿನ ಭೂಮಂತ್ರಿಯಾದರು. 1893ರಲ್ಲಿ ಸರ್ಕಾರ ಚೆವಿಯಟ್ ಅನ್ನೋ ದೊಡ್ಡ ಎಸ್ಟೇಟನ್ನು ಕೊಂಡು, ತುಂಡು ಮಾಡಿ ಸಣ್ಣ ರೈತರಿಗೆ ಹಂಚಿತು. ಸ್ಕಾಟ್ಲೆಂಡಿನ ಇತಿಹಾಸ ಸ್ಕಾಟ್ಲೆಂಡಿನಲ್ಲೇ ಮುಗಿಯುವುದಿಲ್ಲ ಅಂತ ನನಗೆ ತಿಳಿದದ್ದು ಇಲ್ಲಿ. ಅಲ್ಲಿಯ ಗಾಯಕ್ಕೆ ಮದ್ದು ಹುಡುಕಿದ್ದು ಪ್ರಪಂಚದ ಆ ತುದಿಯಲ್ಲಿ.

ಆದರೆ ಇದೇ ಮಂತ್ರಿ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ನೆಲವನ್ನೂ ಸರ್ಕಾರಕ್ಕೆ ಭಾರಿ ಪ್ರಮಾಣದಲ್ಲಿ ಕೊಳ್ಳಿಸಿದರು. ಅದಕ್ಕೂ ಮೊದಲೇ, ಡನೀಡನ್ ನಿಂತಿರುವ ನೆಲವನ್ನು 1844ರಲ್ಲಿ ಮಾವೊರಿಗಳ ಎನ್‌ಗಾಯ್ ತಾಹು ಬುಡಕಟ್ಟಿನಿಂದ ಬರೀ 2,400 ಪೌಂಡಿಗೆ ಪಡೆಯಲಾಗಿತ್ತು. ಊರು ಬಿಟ್ಟು ಬಂದವರ ಸಂಕಟಕ್ಕೆ ಈ ಪತ್ರಿಕೆಗಳಲ್ಲಿ ಇರುವ ಜಾಗ, ಮಾವೊರಿಗಳ ಸಂಕಟಕ್ಕೆ ಇಲ್ಲ. ನೆಲ ಕಳೆದುಕೊಂಡವರೇ ಇನ್ನೊಬ್ಬರ ನೆಲದಲ್ಲಿ ಮನೆ ಕಟ್ಟಿದರು. ಇದನ್ನು ಮರೆತು ಇವನ್ನು ಓದಬಾರದು.

ಓದಲು ಕೂರುವವರಿಗೆ ಒಂದು ಮಾತು. ಆಗಿನ ಅಚ್ಚಿನಲ್ಲಿ 'ಮೆಕ್' ಅಂತ ಶುರುವಾಗುವ ಹೆಸರುಗಳಿಗೆ ಎಷ್ಟೋ ಕಡೆ ಎಂ ಅಕ್ಷರ, ಅದರ ಪಕ್ಕ ಮೇಲೊಂದು ಕೊಮಾ ಮಾತ್ರ ಇರುತ್ತದೆ. ಪೂರ್ತಿ ಹೆಸರು ಹಾಕಿ ಹುಡುಕಿದರೆ ಅರ್ಧ ಜನ ಸಿಗುವುದೇ ಇಲ್ಲ.

ಈಗ ಕೆನಡಾದ ಕಡೆ ತಿರುಗಿದ್ದೇನೆ. ಕೇಪ್ ಬ್ರೆಟನ್ ದ್ವೀಪದಲ್ಲಿ 1892ರಿಂದ 1904ರವರೆಗೆ 'ಮ್ಯಾಕ್ ಟಾಲಾ' ಅನ್ನೋ ಪತ್ರಿಕೆ ಬರುತ್ತಿತ್ತು. ಪೂರ್ತಿ ಗೇಲಿಕ್ ಭಾಷೆಯಲ್ಲಿ. ಹೆಸರಿನ ಅರ್ಥ ಮಾರ್ದನಿ. ಕಾಲಿನ್ ಮೆಕೆಂಜಿ ಹುಟ್ಟಿದ ದ್ವೀಪದ ಭಾಷೆಯೂ ಅದೇ. ನಿಘಂಟು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ನಾಲ್ಕು ಸಾಲು ಬಿಡಿಸುತ್ತಿದ್ದೇನೆ.