ಮೆಟ್‌ಫಾರ್ಮಿನ್ ಶುರುವಾದ ಮೇಲೆ ಟಿಎಸ್‌ಎಚ್ ಇಳಿದರೆ ಥೈರಾಯ್ಡ್ ಮಾತ್ರೆ ಕಡಿಮೆ ಮಾಡಬೇಕೇ?

ಎಂಡೋಕ್ರೈನ್ (ಹಾರ್ಮೋನ್ ತೊಂದರೆಗಳ) ಒಪಿಡಿಯಲ್ಲಿ ಮತ್ತೆ ಮತ್ತೆ ಕೈಗೆ ಬರುವ ರಿಪೋರ್ಟ್ ಇದು. ಹೃದಯ ಬಡಿತದ ತೊಂದರೆಗೆ ಅಮಿಯೋಡರೋನ್ ತೆಗೆದುಕೊಂಡು ಥೈರಾಯ್ಡ್ ಕುಗ್ಗಿದೆ, ಲೆವೋಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಮಾತ್ರೆ) ನಡೆಯುತ್ತಿದೆ. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚಲು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನ್; ಥೈರಾಯ್ಡ್ ಕುಗ್ಗಿದರೆ ಇದು ಏರುತ್ತದೆ) 6ರ ಹತ್ತಿರ ನಿಂತಿತ್ತು ಅಂತಿಟ್ಟುಕೊಳ್ಳಿ. ಶುಗರ್‌ಗೆ ಮೆಟ್‌ಫಾರ್ಮಿನ್ ಸೇರಿಸಿ ಮೂರು ತಿಂಗಳಾಗುವಷ್ಟರಲ್ಲಿ ಅದು 3 ಆಗಿದೆ. 'ಥೈರಾಯ್ಡ್ ಸುಧಾರಿಸಿತು' ಎಂದು ಮಾತ್ರೆಯ ಡೋಸ್ ಇಳಿಸುವುದು ಇಲ್ಲಿ ಆಗುವ ಮೊದಲ ತಪ್ಪು.

ಥೈರಾಯ್ಡ್ ಸರಿಯಿರುವವರಲ್ಲಿ ಮೆಟ್‌ಫಾರ್ಮಿನ್ ಟಿಎಸ್‌ಎಚ್ ಅನ್ನು ಹೆಚ್ಚೇನೂ ಅಲುಗಿಸುವುದಿಲ್ಲ. ಹೈಪೋಥೈರಾಯ್ಡ್ (ಥೈರಾಯ್ಡ್ ಕುಗ್ಗಿದ ಸ್ಥಿತಿ) ಇದ್ದವರಲ್ಲಿ ಇಳಿಸುತ್ತದೆ. 2006ರಿಂದ ಇದು ವೈದ್ಯಕೀಯ ವರದಿಗಳಲ್ಲಿದೆ. ಆದರೆ ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಥೈರಾಯ್ಡ್ ಹಾರ್ಮೋನ್) ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ. ಅಂದರೆ ಗ್ರಂಥಿ ಹೆಚ್ಚು ಹಾರ್ಮೋನ್ ಕೊಡುತ್ತಿಲ್ಲ. ಬದಲಾವಣೆ ಪಿಟ್ಯುಟರಿಯ ಮಟ್ಟದ್ದು ಎನ್ನುವುದು ಸದ್ಯದ ತರ್ಕ.

'ಹಾಗಾದರೆ ಫ್ರೀ ಟಿ4 ನೋಡಿದರಾಯಿತು' ಎನ್ನಬಹುದು. ಅಮಿಯೋಡರೋನ್ ಇದ್ದಾಗ ಅದೂ ಅಷ್ಟು ನೇರವಲ್ಲ. 200 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ. ಅದರಲ್ಲಿ ದಿನಕ್ಕೆ 6 ಮಿಲಿಗ್ರಾಂನಷ್ಟು ರಕ್ತಕ್ಕೆ ಬಿಡುಗಡೆಯಾಗುತ್ತದೆ. ದೇಹಕ್ಕೆ ಬೇಕಿರುವುದು 150 ಮೈಕ್ರೋಗ್ರಾಂ! ಸಾಲದ್ದಕ್ಕೆ ಟಿ4 ಹೆಚ್ಚು ಚುರುಕಾದ ಟಿ3 ಹಾರ್ಮೋನ್ ಆಗುವುದನ್ನೂ ಈ ಔಷಧಿ ತಡೆಯುತ್ತದೆ. ಹಾಗಾಗಿ ಲೆವೋಥೈರಾಕ್ಸಿನ್ ಡೋಸ್ ಹೆಚ್ಚು ಬೇಕಾಗಬಹುದು, ಫ್ರೀ ಟಿ4 ಮೇಲಿನ ಗಡಿಯಲ್ಲೋ ತುಸು ದಾಟಿಯೋ ಇರಬಹುದು. ಲ್ಯಾಬಿನ ನಾರ್ಮಲ್ ರೇಂಜಿಗಿಂತ ಅದೇ ವ್ಯಕ್ತಿಯ ಹಳೆಯ ರಿಪೋರ್ಟೇ ಇಲ್ಲಿ ಅಳತೆಗೋಲು. ಮೆಟ್‌ಫಾರ್ಮಿನ್ ಬರೆಯುವ ಮುಂಚೆಯೇ ಟಿಎಸ್‌ಎಚ್, ಫ್ರೀ ಟಿ4 ಎರಡನ್ನೂ ಮಾಡಿಸಿಡಿ. ಹೆಚ್ಚಿನವರು ಬಿಡುವುದು ಇದನ್ನೇ. ಮೆಟ್‌ಫಾರ್ಮಿನ್ ಡೋಸ್ ಒಂದು ಮಟ್ಟಕ್ಕೆ ಸ್ಥಿರವಾದ ಮೇಲೆ 6–8 ವಾರಕ್ಕೆ ಅದೇ ಲ್ಯಾಬಿನಲ್ಲಿ, ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಿಸಿ. ಮಾತ್ರೆ ನುಂಗಿ ಬಂದರೆ ಫ್ರೀ ಟಿ4 ಕೆಲವು ಗಂಟೆ ಏರಿಯೇ ಇರುತ್ತದೆ.

ಟಿಎಸ್‌ಎಚ್ 0.1ಕ್ಕಿಂತ ಕೆಳಗಿಳಿದರೆ ಮಾತ್ರ ಮೆಟ್‌ಫಾರ್ಮಿನ್ ಮೇಲೆ ಹೊರೆಸಿ ಸುಮ್ಮನಿರಬೇಡಿ. ಲೆವೋಥೈರಾಕ್ಸಿನ್ ಹೆಚ್ಚಾಗಿರಬಹುದು, ಅಮಿಯೋಡರೋನ್‌ನಿಂದಲೇ ಥೈರಾಯ್ಡ್ ಅತಿಯಾಗಿರಲೂಬಹುದು. ಫ್ರೀ ಟಿ3 ಸೇರಿಸಿ ಬೇಗ ನೋಡಿ, ಕಾರ್ಡಿಯಾಲಜಿಸ್ಟ್‌ಗೆ ತಿಳಿಸಿ. ಬಡಿತ ತಪ್ಪುವ ಹೃದಯ ಅತಿಯಾದ ಥೈರಾಯ್ಡ್ ಅನ್ನು ತಾಳಿಕೊಳ್ಳುವುದಿಲ್ಲ. ಅಮಿಯೋಡರೋನ್ ನಿಲ್ಲಿಸಿದರೂ ಅದು ತಿಂಗಳುಗಟ್ಟಲೆ ಮೈಯಲ್ಲೇ ಇರುತ್ತದೆ.

ಇನ್ನೊಂದು ಎಡವಟ್ಟು ಪಾದದ ಉರಿಗೆ ಕೊಡುವ 'ನರದ ಮಾತ್ರೆ'ಯದು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೆ ಬಿ12 ಇಳಿಯಬಹುದು, ಅದಕ್ಕೆ ಬರೆಯುವ ಕೆಲವು ಮಾತ್ರೆಗಳಲ್ಲಿ ಬಯೋಟಿನ್ (ಒಂದು ಬಿ ವಿಟಮಿನ್) ಸೇರಿರುತ್ತದೆ. ಪರೀಕ್ಷೆಯ ಕಿಟ್ ಬಯೋಟಿನ್-ಸ್ಟ್ರೆಪ್ಟಾವಿಡಿನ್ ಅಂಟಿಕೆಯನ್ನು ಬಳಸುವ ವಿಧಾನದ್ದಾದರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಫ್ರೀ ಟಿ4 ಸುಳ್ಳಾಗಿ ಹೆಚ್ಚು ಬರುತ್ತದೆ. ಬಾಯಿಮಾತು ಸಾಲದು, ಸ್ಟ್ರಿಪ್ ತರಿಸಿ ಓದಿ. ಬಯೋಟಿನ್ ಇದ್ದರೆ ಆ ಮಾತ್ರೆಯನ್ನು ಕನಿಷ್ಠ ಎರಡು ದಿನ ಬಿಡಿಸಿ ಮತ್ತೆ ಪರೀಕ್ಷೆ ಮಾಡಿಸಿ.

ಮೆಟ್‌ಫಾರ್ಮಿನ್ ನಿಲ್ಲಿಸಿದರೆ ಟಿಎಸ್‌ಎಚ್ ಮತ್ತೆ ಮೇಲೇರಬಹುದು. ನಿಲ್ಲಿಸಿದ ತಾರೀಖನ್ನು ಥೈರಾಯ್ಡ್ ಚೀಟಿಯಲ್ಲೂ ಬರೆದಿಡಿ. ಕಿಡ್ನಿ ನೋಡುವಾಗಲೂ ಒಂದು ಎಚ್ಚರ: ಹೈಪೋಥೈರಾಯ್ಡ್ ತೀವ್ರವಾಗಿದ್ದರೆ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ಅಳೆಯಲು ರಕ್ತದಲ್ಲಿ ನೋಡುವ ಅಂಶ) ತಾನೇ ಏರುತ್ತದೆ. ಇಜಿಎಫ್‌ಆರ್ (ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ, ಕಿಡ್ನಿ ಎಷ್ಟು ಸೋಸುತ್ತದೆ ಎನ್ನುವ ಅಂದಾಜು) 45ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಹೊಸದಾಗಿ ಶುರು ಮಾಡುವುದಿಲ್ಲ, 30ಕ್ಕಿಂತ ಕೆಳಗಾದರೆ ನಿಲ್ಲಿಸುತ್ತೇವೆ. ಥೈರಾಯ್ಡ್ ಸರಿಹೋದ ಮೇಲೆ ಇನ್ನೊಮ್ಮೆ ಅಳೆಯಿರಿ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂನಿಂದ ಥೈರಾಯ್ಡ್ ಕುಗ್ಗಿದವರಲ್ಲಿ ಈ ಅಯೋಡಿನ್ ತಕರಾರಿಲ್ಲ. ಆದರೆ ಲಿಥಿಯಂ ಕಿಡ್ನಿಯನ್ನೂ ಕೆಡಿಸಬಲ್ಲದು, ಅವರ ಕ್ರಿಯಾಟಿನಿನ್ ಏರಿದ್ದರೆ ಥೈರಾಯ್ಡ್‌ನಿಂದಲೇ ಎಂದು ತಳ್ಳಿಹಾಕಬೇಡಿ.